ಪಟ್ಟಿಯಲ್ಲಿ ಬಿಟ್ಟ ಸಾಲು

ನಮ್ಮೂರಿನಲ್ಲಿ ಕಂಪ್ಯೂಟರಿನ ಸೆಲ್ ತೆಗೆಯುವ ದಿನ ಮನೆಮಂದಿಯೆಲ್ಲ ಬೇಗ ತಿಂಡಿ ಮುಗಿಸಿ ಜಗಲಿಗೆ ಬಂದು ಕೂರುತ್ತಾರೆ. ಸೆಲ್ ಎಂದರೆ ಕೋಟಿನ ಗುಂಡಿಯಷ್ಟು ದೊಡ್ಡದು, ಅಷ್ಟೇ. ಪೆಟ್ಟಿಗೆಯ ಹೊಟ್ಟೆಯೊಳಗೆ ಒಂದು ಮೂಲೆಯಲ್ಲಿ ಕೂತಿರುತ್ತದೆ. ಅದನ್ನು ತೆಗೆದು, ನೂರು ಎಣಿಸಿ, ಮತ್ತೆ ಕೂರಿಸಿದರೆ ಕಂಪ್ಯೂಟರು ತಾನು ನೆನಪಿಟ್ಟುಕೊಂಡಿದ್ದ ಸೆಟ್ಟಿಂಗುಗಳನ್ನೆಲ್ಲ ಬಿಟ್ಟು ಅಂಗಡಿಯಿಂದ ಬಂದ ದಿನದಂತೆ ಆಗುತ್ತದೆ. ಮನೆಯವರೂ ಹಾಗೇ ಆಗುತ್ತಾರೆ.

ಹೆಸರು ಮರೆಯುವುದಿಲ್ಲ, ನೆಂಟಸ್ತಿಕೆ ಮರೆಯುವುದಿಲ್ಲ. ಓದಿದ್ದು, ಕಲಿತ ಕಸುಬು, ದೊಡ್ಡ ಜಗಳಗಳು, ಇವೆಲ್ಲ ಡಿಸ್ಕಿನಲ್ಲಿ ಇರುವಂಥವು, ಅಲ್ಲಾಡುವುದಿಲ್ಲ. ಹೋಗುವುದು ಚಿಕ್ಕವು. ಯಾರು ಯಾವ ಕುರ್ಚಿಯಲ್ಲಿ ಕೂರುತ್ತಾರೆ, ಯಾರ ಕಾಫಿಗೆ ಎಷ್ಟು ಸಕ್ಕರೆ, ಬಾಗಿಲನ್ನು ಎಳೆದುಕೊಳ್ಳುವುದೋ ತೆರೆದೇ ಬಿಡುವುದೋ. ಸೆಲ್ ತೆಗೆದ ಮನೆಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿಯ ಹತ್ತಿರ ಹೋಗಿ, "ತಾವು ಮಂಚದ ಯಾವ ಬದಿಗೆ ಮಲಗುತ್ತೀರಿ?" ಎಂದು ಕೇಳುವುದು ನಮಗೆ ಹೊಸದೇನಲ್ಲ. ಅದಕ್ಕೇ ಮುಂಚಿತವಾಗಿ ಪಟ್ಟಿ ಬರೆಸುತ್ತಾರೆ. ಸೆಲ್ ಕೂರಿಸಿದ ಮೇಲೆ, ಮಧ್ಯಾಹ್ನ ಹನ್ನೆರಡರೊಳಗೆ, ಅವರವರ ಪಟ್ಟಿಯನ್ನು ಅವರವರ ಎದುರಿಗೆ ಒಂದು ಸಲ ಓದಬೇಕು. ಓದಿದ್ದು ವಾಪಸು ಬರುತ್ತದೆ. ಓದದೆ ಉಳಿದದ್ದು ಹೋದಂತೆಯೇ.

ಆ ಪಟ್ಟಿ ಬರೆಯುವ ಕೆಲಸ ನನ್ನದು. ಬಿ.ಎ. ಮುಗಿಸಿ ಈ ಊರಿಗೆ ಸೊಸೆಯಾಗಿ ಬಂದ ಮರುವರ್ಷವೇ ಹಿಡಿದೆ. ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ. ಏನೋ ಬಿಟ್ಟುಹೋಯಿತು ಎಂಬ ಭಯ ನನಗೆ ಹುಟ್ಟಿದಾಗಿನಿಂದ ಇದೆ. ಬೀದಿಯಲ್ಲಿ ನಡೆಯುವಾಗಲೂ ಹಿಂದೆ ತಿರುಗಿ, ಚಪ್ಪಲಿ ಎರಡೂ ಕಾಲಲ್ಲೇ ಇವೆಯಲ್ಲ ಎಂದು ನೋಡಿಕೊಂಡದ್ದುಂಟು. ನಿಯಮ ಎರಡೇ. ತನ್ನ ಪಟ್ಟಿಯನ್ನು ತಾನು ಹೇಳುವಂತಿಲ್ಲ, ಮನೆಯ ಇನ್ನೊಬ್ಬರು ಹೇಳಬೇಕು. ತನಗೆ ಏನೇನು ಅಭ್ಯಾಸವಿದೆ ಎಂದು ತನಗೆ ಎಲ್ಲಿ ಗೊತ್ತಿರುತ್ತದೆ? ಎರಡನೆಯದು, ಹೇಳುವವರು ಏನನ್ನೂ ಬಿಡುವಂತಿಲ್ಲ. ಚೆನ್ನಾಗಿರುವುದನ್ನು ಮಾತ್ರ ಹೇಳಿ ಕೆಟ್ಟದ್ದನ್ನು ನುಂಗಿಕೊಳ್ಳುವಂತಿಲ್ಲ.

ಈ ಎರಡನೆಯದನ್ನು ನಾನು ಎಲ್ಲರಿಗೂ ಒತ್ತಿ ಒತ್ತಿ ಹೇಳುತ್ತಿದ್ದೆ. ಔಷಧಿ ಅಂಗಡಿ ಸದಾನಂದರ ಹೆಂಡತಿ ನಳಿನಿಗೂ ಹೇಳಿದ್ದೆ. ಆಕೆ ಕೇಳಲಿಲ್ಲ. ಗಂಡ ಗಡ್ಡ ಕೆರೆಯುವಾಗ ಗುನುಗುವುದನ್ನು ಬೇಕೆಂದೇ ಬಿಟ್ಟಳು. "ಇಪ್ಪತ್ತು ವರ್ಷ ಅದೇ ರಾಗ ಕೇಳಿ ಕಿವಿ ತೂತಾಗಿದೆ ವತ್ಸಲಕ್ಕಾ" ಎಂದಳು. ಗುನುಗುವುದು ನಿಂತಿತು. ಆ ದಿನದಿಂದ ಇವತ್ತಿನವರೆಗೆ ಸದಾನಂದರ ಗಲ್ಲದ ಮೇಲೆ ದಿನಕ್ಕೊಂದು ಗಾಯ. ಕೈ ಓಡುತ್ತಿದ್ದದ್ದು ಆ ರಾಗದ ಮೇಲೆಯೇ ಇರಬೇಕು. ಒಂದನ್ನು ಕಿತ್ತರೆ ಅದರ ಬೇರಿಗೆ ಇನ್ನೇನು ಸುತ್ತಿಕೊಂಡಿದೆಯೋ ಹೇಳಲಾಗದು ಎಂದು ಅಲ್ಲಿಂದೀಚೆಗೆ ನಾನು ಹೋದ ಮನೆಯಲ್ಲೆಲ್ಲ ಈ ಕಥೆ ಹೇಳಿದ್ದೇನೆ.

ಇಷ್ಟೆಲ್ಲ ತಿಳಿದವಳು ನನ್ನ ಮನೆಯ ಸರದಿ ಬಂದಾಗ ಮಾಡಿದ್ದೇನು ಎಂಬುದನ್ನು ಬರೆಯಲು ಕೂತಿದ್ದೇನೆ.

ಮನೆಯಲ್ಲಿ ನಾವು ಮೂವರು. ನಾನು, ನಮ್ಮ ಮನೆಯವರು ಶ್ರೀಪತಿ, ಅವರ ಅಕ್ಕ ಭಾಗೀರಥಿ. ಭಾಗೀರಥಕ್ಕನಿಗೆ ಅರವತ್ತೆರಡು. ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವಳು, ಮದುವೆ ಎಂದರೆ ಕೈ ಆಡಿಸಿ ಅತ್ತ ತಿರುಗಿದವಳು. ಅವಳ ನಾಲಿಗೆ ಇಡೀ ಬೀದಿಗೆ ಗೊತ್ತು. ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟಳೆಂದರೆ ನನ್ನ ಅಡುಗೆಗೆ ಒಂದು ಮಾತು ಆಗಲೇಬೇಕು. "ಈ ಸಾರಲ್ಲಿ ಬೇಳೆ ಹುಡುಕೋಕೆ ದೋಣಿ ಬೇಕು ಕಣೇ." ದೋಸೆ ಹಾಕಿದರೆ, "ಇದನ್ನ ಬಾಗಿಲಿಗೆ ಒತ್ತು ಕೊಡು, ಗಾಳಿಗೆ ಬಡ್ಕೊಳ್ಳಲ್ಲ." ಚಪಾತಿಯ ದಿನ, "ನಮ್ಮೂರಿಗೆ ನಕ್ಷೆ ಇಲ್ಲ ಅಂತಾರೆ, ಬಂದು ನಮ್ಮ ವತ್ಸಲನ ತಟ್ಟೆ ನೋಡಲಿ." ಇಪ್ಪತ್ತೆರಡು ವರ್ಷ. ಒಂದು ದಿನ ತಪ್ಪಿಲ್ಲ. ನಾನು ನಗುತ್ತಿದ್ದೆ, ಆದರೆ ಬಡಿಸುವಾಗ ಕೈ ಅಳುಕುತ್ತಿತ್ತು. ಅವಳು ತುತ್ತನ್ನು ಬಾಯಿಗೆ ಒಯ್ಯುವುದು, ಮಾತು ಬರುವುದು, ಇವೆರಡರ ನಡುವಿನ ಆ ಒಂದು ಗಳಿಗೆಯಲ್ಲಿ ನಾನು ಉಸಿರು ಹಿಡಿಯುತ್ತಿದ್ದೆ.

ಈ ಸಲದ ಬೇಸಿಗೆಯಲ್ಲಿ ನಮ್ಮ ಕಂಪ್ಯೂಟರು ಕೆಟ್ಟಿತು. ಮೊದಲು ಅದರ ಗಡಿಯಾರ ಜನವರಿ ಒಂದಕ್ಕೆ ಹೋಗಿ ನಿಂತಿತು. ಆಮೇಲೆ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಕೊನೆಗೆ ಗುಂಡಿ ಒತ್ತಿದರೆ ಮೂರು ಸಲ ಕಿರುಚಿ, ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಅಷ್ಟರಲ್ಲಿ ಮನೆಯೂ ಹದಗೆಟ್ಟಿತ್ತು. ಭಾಗೀರಥಕ್ಕ ಹಾಲಿಗೆ ಉಪ್ಪು ಹಾಕಿದಳು. ನಮ್ಮ ಮನೆಯವರು ಚಪ್ಪಲಿಯನ್ನು ದೇವರ ಗೂಡಿನ ಕೆಳಗೆ ಬಿಟ್ಟು ಬರಿಗಾಲಲ್ಲಿ ಅಂಚೆ ಕಚೇರಿಯ ಕೆಲಸಕ್ಕೆ ಹೋದರು. ನಾನು ಗೇಟಿಗೆ ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಒಳಗೆಸೆದು, ಕಾಂಪೌಂಡು ಹತ್ತಿ ಇಳಿದೆ.

ದಸ್ತಗೀರಣ್ಣ ಬಂದ. ಊರಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಹಾಕುವವನು ಅವನೇ. ಮೊದಲು ಸಣ್ಣ ಮದ್ದು ಮಾಡಿ ನೋಡಿದ. ತಂತಿಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದ. ರ್ಯಾಮ್ ಕಡ್ಡಿ ತೆಗೆದು ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಕೂರಿಸಿದ. ಮೂರು ಸಲ ಕಿರುಚುವುದು ನಿಲ್ಲಲಿಲ್ಲ.

"ಸೆಟ್ಟಿಂಗ್ ಎಲ್ಲ ಕಲಸಿಹೋಗಿದೆ ಅಕ್ಕಾ. ಸೆಲ್ ತೆಗೀಲೇಬೇಕು" ಎಂದ.

"ತೆಗಿ ಮಾರಾಯ" ಎಂದಳು ಭಾಗೀರಥಕ್ಕ. "ಹಾಲು ಉಪ್ಪಾದ್ರೂ ಕುಡೀಬಹುದು, ಇವಳು ಕಾಂಪೌಂಡ್ ಹತ್ತೋದು ನೋಡೋಕಾಗಲ್ಲ."

ಪಟ್ಟಿ ಬರೆಯುವವಳ ಮನೆಯ ಪಟ್ಟಿಯನ್ನು ಅವಳು ಬರೆಯುವಂತಿಲ್ಲ, ಸೆಲ್ ತೆಗೆಯುವವನೇ ಬರೆಯಬೇಕು. ದಸ್ತಗೀರಣ್ಣನ ಅಕ್ಷರ ಕೋಳಿ ಕೆರೆದ ಹಾಗೆ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು, ನನ್ನದೇ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಒಬ್ಬೊಬ್ಬರನ್ನೇ ಕರೆದ. ಭಾಗೀರಥಕ್ಕನದನ್ನು ನಾನು ಹೇಳಬೇಕು, ನನ್ನದನ್ನು ಅವಳು. ನಮ್ಮ ಮನೆಯವರದನ್ನು ಇಬ್ಬರೂ ಸೇರಿ ಹೇಳಿದೆವು. ಎಷ್ಟು ತಡಕಾಡಿದರೂ ಎಂಟು ಸಾಲಿಗಿಂತ ಹೆಚ್ಚು ಸಿಗಲಿಲ್ಲ. "ಮಜ್ಜಿಗೆ ಕುಡೀತಾನೆ ಅಂತ ಎರಡು ಸಲ ಬರಕೊಂಡು ಹತ್ತು ಮಾಡು" ಎಂದಳು ಅಕ್ಕ.

ಆಮೇಲೆ ಅವಳು ಒಳಗೆ ಹೋದಳು, ನಾನು ಅವಳದನ್ನು ಹೇಳತೊಡಗಿದೆ. ಐದಕ್ಕೆ ಏಳುತ್ತಾರೆ. ಎದ್ದ ಕೂಡಲೇ ಬೇವಿನ ಮರದ ಹತ್ತಿರ ಹೋಗಿ ನಿಂತು ಬರುತ್ತಾರೆ. ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿ ಕುಡಿಯುತ್ತಾರೆ. ಬೆಲ್ಲವನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು, ಎಲ್ಲಿಟ್ಟೆ ಎಂದು ಮರೆಯುತ್ತಾರೆ. ರೇಡಿಯೋ ವಾರ್ತೆ ಓದುವವರಿಗೆ ಉತ್ತರ ಕೊಡುತ್ತಾರೆ. ಊಟಕ್ಕೆ ಎಡಗಡೆ ಮಣೆಯ ಮೇಲೆ ಕೂರುತ್ತಾರೆ. ಹೀಗೆ ಇಪ್ಪತ್ತಾರು ಸಾಲು. ಅಲ್ಲಿಗೆ ನಿಲ್ಲಿಸಿದೆ.

ದಸ್ತಗೀರಣ್ಣ ತಲೆಯೆತ್ತಿದ. "ಅಷ್ಟೇನಾ?"

"ಅಷ್ಟೇ."

"ಊಟಕ್ಕೆ ಕೂತಾಗ..."

"ಎಡಗಡೆ ಮಣೆ. ಬರೆದಾಯಿತಲ್ಲ."

"ಮಣೆ ಅಲ್ಲ ಅಕ್ಕಾ. ನಮ್ಮ ಮನೆ ಮೂರನೇದು, ಕಿಟಕಿ ತೆಗೆದಿದ್ರೆ ನಮಗೂ ಕೇಳುತ್ತೆ."

ಸದಾನಂದರ ಗಲ್ಲದ ಗಾಯಗಳು ಕಣ್ಣ ಮುಂದೆ ಬಂದವು. ಅದರ ಹಿಂದೆಯೇ ಆ ಉಸಿರು ಹಿಡಿಯುವ ಗಳಿಗೆಯೂ ಬಂತು. ಇಪ್ಪತ್ತೆರಡು ವರ್ಷಕ್ಕೆ ಎಷ್ಟು ಗಳಿಗೆಗಳಾಗುತ್ತವೆ ಎಂದು ಲೆಕ್ಕ ಹಾಕಲಿಲ್ಲ, ಅವುಗಳ ಭಾರ ಮಾತ್ರ ಗೊತ್ತಾಯಿತು. "ಅಷ್ಟೇ ದಸ್ತಗೀರಣ್ಣ" ಎಂದೆ. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹಿತ್ತಲಿನ ಕಾಗೆಯನ್ನು ನೋಡಿದ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸೆಲ್ ತೆಗೆದ. ನಾವು ಮೂವರೂ ಜಗಲಿಯಲ್ಲಿ ಕೂತು ಅವನು ನೂರು ಎಣಿಸುವುದನ್ನು ಕೇಳಿದೆವು. ಅರವತ್ತರ ಹತ್ತಿರ ಬಂದಾಗ ನನ್ನ ಎರಡೂ ಹೆಗಲು ಇಳಿದವು. ಅವು ಅಷ್ಟು ದಿನ ಮೇಲೆದ್ದೇ ಇದ್ದವು ಎಂದು ಆಗಲೇ ತಿಳಿದದ್ದು. ಗೇಟು ತೆರೆದಿತ್ತು, ಇರಲಿ ಅನ್ನಿಸಿತು. ಒಲೆಯ ಮೇಲೆ ಏನಾದರೂ ಇದೆಯೋ ಏನೋ, ಅದೂ ಇರಲಿ. ಬಿಸಿಲು ಗೋಡೆಯ ಮೇಲೆ ನಿಧಾನವಾಗಿ ಸರಿಯುತ್ತಿತ್ತು, ನಾನು ಸುಮ್ಮನೆ ಅದನ್ನು ನೋಡುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಭಾಗೀರಥಕ್ಕ ಬಹಳ ಮರ್ಯಾದೆಯಿಂದ, "ನಿಮಗೆ ನೀರು ಬೇಕೇ?" ಎಂದು ಕೇಳಿದಳು. ನಮ್ಮ ಮನೆಯವರು ನಮ್ಮಿಬ್ಬರಿಗೂ ನಮಸ್ಕಾರ ಮಾಡಿದರು.

ಸೆಲ್ ಕೂರಿಸಿ ಕಂಪ್ಯೂಟರು ಎದ್ದ ಮೇಲೆ, ಹನ್ನೊಂದಕ್ಕೆ ದಸ್ತಗೀರಣ್ಣ ಪಟ್ಟಿ ಓದತೊಡಗಿದ. ಅಕ್ಕನದು ಕಾಲು ಗಂಟೆಯಲ್ಲಿ, ನಮ್ಮ ಮನೆಯವರದು ಎರಡು ನಿಮಿಷದಲ್ಲಿ ಮುಗಿಯಿತು. ನನ್ನದು ಮುಗಿಯುವಂತೆಯೇ ಕಾಣಲಿಲ್ಲ. "ಮಲಗುವ ಮುಂಚೆ ಗ್ಯಾಸ್ ಮೂರು ಸಲ ನೋಡುತ್ತಾಳೆ." ಎದೆಯೊಳಗೆ ಒಂದು ತಿರುಪು ಬಿಗಿಯಾಯಿತು. "ಶ್ರೀಪತಿ ಆರೂಕಾಲಿಗೆ ಬರದಿದ್ದರೆ ಆರೂ ಇಪ್ಪತ್ತಕ್ಕೆ ಗೇಟಿನ ಹತ್ತಿರ, ಆರೂವರೆಗೆ ಬೀದಿ ತಿರುವಿನ ಹತ್ತಿರ." ಇನ್ನೊಂದು ತಿರುಪು. "ಆಕಾಶದಲ್ಲಿ ಅಂಗೈಯಷ್ಟು ಮೋಡ ಕಂಡರೂ ಒಗೆದ ಬಟ್ಟೆ ಒಳಗೆ ತರುತ್ತಾಳೆ. ಯಾರಾದರೂ ಸೀನಿದರೆ ಮೂರು ದಿನ ಅವರ ಮುಖ ನೋಡುತ್ತಾಳೆ." ಅರವತ್ತಮೂರು ಸಾಲು! ಓದಿ ಮುಗಿಸುವಷ್ಟರಲ್ಲಿ ನನ್ನ ಹೆಗಲು ಮತ್ತೆ ಕಿವಿಯ ಹತ್ತಿರ ಬಂದಿತ್ತು, ಕೈ ಗೇಟಿನ ಅಗುಳಿಯ ಮೇಲಿತ್ತು.

ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನಾನು ಇವಳ ಕೊಂಕನ್ನು ಯಾರಿಗೂ ತಿಳಿಯದಂತೆ ತೆಗೆದುಹಾಕಿ ಉಪಕಾರ ಮಾಡಿದೆ. ಇವಳು ನನ್ನ ಪುಕ್ಕಲುತನವನ್ನು ಒಂದೂ ಬಿಡದೆ ಬರೆಸಿದಳಲ್ಲ! ಎರಡು ಗಂಟೆ ಹಗುರಾಗಿದ್ದೆ. ಇವಳು ಮನಸ್ಸು ಮಾಡಿದ್ದರೆ ಜೀವಮಾನವಿಡೀ ಹಾಗೇ ಇರಬಹುದಿತ್ತು.

ಅವತ್ತು ಊಟಕ್ಕೆ ಕೂತೆವು. ಭಾಗೀರಥಕ್ಕ ಸಾರು ಕಲಸಿದಳು, ಮೊದಲ ತುತ್ತು ಬಾಯಿಗಿಟ್ಟಳು. ಅಭ್ಯಾಸದಂತೆ ಉಸಿರು ಹಿಡಿದೆ. ಅವಳ ಬಾಯಿ ಅರೆ ತೆರೆಯಿತು, ಎಲ್ಲೋ ಇಟ್ಟ ಬೆಲ್ಲವನ್ನು ಹುಡುಕುವವಳ ಹಾಗೆ ಕಣ್ಣು ಅತ್ತಿತ್ತ ಆಡಿತು. ಆಮೇಲೆ ಬಾಯಿ ಮುಚ್ಚಿಕೊಂಡಿತು.

"ಚೆನ್ನಾಗಿದೆ ವತ್ಸಲಾ" ಎಂದಳು.

ಮೊದಲ ವಾರ ಹಬ್ಬದಂತಿತ್ತು. ನನ್ನ ಕೈ ಅಳುಕುವುದು ನಿಂತಿತು. ಚಪಾತಿ ಕೂಡ ದುಂಡಗೆ ಬಂತು. ಅಕ್ಕ ದಿನವೂ ಒಂದೇ ಸಲ ಬಡಿಸಿಕೊಂಡು, ಚೆನ್ನಾಗಿದೆ ಎಂದು, ತಟ್ಟೆ ತೊಳೆದು ಏಳುತ್ತಿದ್ದಳು. ಮುಂಚೆ ದೋಣಿ ಬೇಕು ಅಂದ ಮೇಲೆ ಎರಡು ಸಲ ಸಾರು ಹಾಕಿಸಿಕೊಳ್ಳುತ್ತಿದ್ದಳು, ಬೈಯುತ್ತ ಮೂರನೆಯದಕ್ಕೂ ತಟ್ಟೆ ಒಡ್ಡುತ್ತಿದ್ದಳು. ಈಗ ಪಾತ್ರೆಯಲ್ಲಿ ದಿನವೂ ಸಾರು ಉಳಿಯತೊಡಗಿತು. ನಾನು ಅಡುಗೆ ಮಾಡುವಾಗ ಹಿಂದೆ ಬಂದು ನಿಂತು, "ಒಗ್ಗರಣೆ ಹಾಕ್ತಿದೀಯೋ ಪಟಾಕಿ ಹಚ್ತಿದೀಯೋ" ಎನ್ನಲು ಅವಳು ಬರಲಿಲ್ಲ. ಬಂದು ನಿಂತಾಗ ಕೊತ್ತಂಬರಿ ಸೋಸಿ ಕೊಡುತ್ತಿದ್ದಳು, ಅದೂ ನಿಂತಿತು.

ಎರಡನೆಯ ವಾರದಲ್ಲಿ ಒಂದು ದಿನ ಕೆರೆ ಆಚೆಯ ಮನೆಯೊಂದಕ್ಕೆ ಪಟ್ಟಿ ಬರೆಯಲು ಹೋಗಿದ್ದೆ. ಹನ್ನೊಂದು ಜನರ ಮನೆ. ಬಿಸಿಲಲ್ಲಿ ನಡೆದು ವಾಪಸು ಬರುವಾಗ ಮೂರೂವರೆ. ಇಂಥ ದಿನಗಳಲ್ಲಿ ಭಾಗೀರಥಕ್ಕ ಗೇಟಿನ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. "ಊರವರ ಕಾಫಿಗೆ ಸಕ್ಕರೆ ಎಷ್ಟು ಅಂತ ಬರೀತಾ ಕೂರು, ನಿನ್ನ ಹೊಟ್ಟೆ ಯಾರು ಬರೀತಾರೆ? ಅನ್ನ ಆರಿ ಕಲ್ಲಾಯ್ತು" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಒಳಗೆ ಕರೆದೊಯ್ದು, ಅದೇ ಆಗ ಬಿಸಿ ಮಾಡಿದ ಅನ್ನ ಬಡಿಸುತ್ತಿದ್ದಳು. ಅವಳೂ ಊಟ ಮಾಡಿರುತ್ತಿರಲಿಲ್ಲ. ಅದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಬೈಗುಳದಲ್ಲೇ ಕಿವಿ ತುಂಬಿರುತ್ತಿತ್ತು.

ಅವತ್ತು ಗೇಟಿನ ಹತ್ತಿರ ಯಾರೂ ಇರಲಿಲ್ಲ. ಅಡುಗೆಮನೆ ಸಾರಿಸಿ ಒಪ್ಪವಾಗಿತ್ತು. ಅಕ್ಕನ ತಟ್ಟೆ ತೊಳೆದು ಬೋರಲು ಹಾಕಿತ್ತು. ನನ್ನ ಪಾಲಿನ ಅನ್ನ ಮುಚ್ಚಿಟ್ಟಿತ್ತು, ತಣ್ಣಗೆ. ಅಕ್ಕ ಜಗಲಿಯಲ್ಲಿ ಕೂತು ಹತ್ತಿ ಬಿಡಿಸುತ್ತಿದ್ದಳು. "ಬಂದೆಯಾ? ಊಟ ಇದೆ" ಎಂದಳು, ಸೌಮ್ಯವಾಗಿ. ನಾನು ಒಬ್ಬಳೇ ಕೂತು ಉಂಡೆ. ಚೆನ್ನಾಗಿತ್ತು. ಅರ್ಧ ಬಿಟ್ಟು ಎದ್ದೆ.

ಕೈ ತೊಳೆದವಳೇ ದಸ್ತಗೀರಣ್ಣನ ಅಂಗಡಿಗೆ ಹೋದೆ. ಯಾರದೋ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ನೋಡಿ ಸ್ಟೂಲು ಸರಿಸಿದ.

"ಒಂದು ಸಾಲು ಸೇರಿಸಬಹುದಾ?"

"ಹನ್ನೆರಡಾದ ಮೇಲೆ ಸೇರಲ್ಲ, ನಿಮಗೆ ಗೊತ್ತಿಲ್ವಾ? ಊರಿಗೆಲ್ಲ ಹೇಳೋರು ನೀವು."

"ಇನ್ನೊಂದು ಸಲ ಸೆಲ್ ತೆಗೆದರೆ?"

"ಚೆನ್ನಾಗಿರೋ ಸೆಲ್ ತೆಗೆದ್ರೆ ಇರೋದೂ ಹೋಗುತ್ತೆ ಅಕ್ಕಾ." ಸ್ಕ್ರೂಡ್ರೈವರ್ ಕೆಳಗಿಟ್ಟ. "ದೊಡ್ಡಮ್ಮ ನಿಮ್ಮ ಪಟ್ಟಿ ಹೇಳುವಾಗ ಏನಾಯ್ತು ಗೊತ್ತಾ? ಗ್ಯಾಸ್ ಮೂರು ಸಲ ನೋಡ್ತಾಳೆ ಅಂತ ಬರಿ ಅಂದ್ರು. ನಾನು ಎರಡು ಅಂತ ಬರೆದುಬಿಟ್ಟಿದ್ದೆ. ಮೂರು ಕಣೋ, ನಿಂಗೆ ಕಿವಿ ಇಲ್ವಾ ಅಂತ ಅಳಿಸಿ ಬರೆಸಿದ್ರು. ನಾನಂದೆ, ದೊಡ್ಡಮ್ಮ, ಇವನ್ನೆಲ್ಲ ಬಿಟ್ಟುಬಿಡೋಣ, ಪಾಪ ಆ ಅಕ್ಕ ನೆಮ್ಮದಿಯಾಗಿ ನಿದ್ದೆನಾದ್ರೂ ಮಾಡ್ಲಿ. ಅದಕ್ಕೆ ಬೈದ್ರು ನೋಡಿ! ಲೋ ದಸ್ತಗೀರ, ಅದನ್ನೆಲ್ಲ ತೆಗೆದ್ರೆ ನಮ್ಮ ವತ್ಸಲ ಎಲ್ಲಿ ಉಳಿದ್ಲೋ? ಯಾರೋ ಬೇರೆಯೋಳು ಮನೇಲಿ ಓಡಾಡ್ತಾಳೆ. ಆಮೇಲೆ ನಾನು ಯಾರನ್ನ ಬೈಲಿ, ನಿನ್ನನ್ನಾ? ಅಂದ್ರು."

ನಾನು ಅಂಗಡಿಯ ನೆಲ ನೋಡುತ್ತ ಕೂತೆ. ಅಲ್ಲಿ ಚಿಕ್ಕ ಚಿಕ್ಕ ತಿರುಪುಗಳು ಬಿದ್ದಿದ್ದವು.

"ಈಗ ಏನು ಮಾಡಲಿ?"

"ಮೊದಲ್ನೇ ಸಲ ಹೇಗೆ ಬಂತೋ ಹಾಗೇ ಬರಬೇಕು" ಎಂದ. "ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ."

ಮೊದಲ ಸಲ ಹೇಗೆ ಬಂತು ಎಂಬುದು ನನಗೆ ನೆನಪಿತ್ತು. ಮದುವೆಯಾಗಿ ಬಂದ ನಾಲ್ಕನೇ ದಿನ. ಮೊದಲ ಅಡುಗೆಯ ಗಾಬರಿಯಲ್ಲಿ ಉಪ್ಪು ಹುಳಿಯನ್ನೇ ಮತ್ತೆ ಮತ್ತೆ ನೋಡುತ್ತ, ಬೇಳೆಸಾರಿಗೆ ಬೇಳೆ ಹಾಕುವುದನ್ನೇ ಮರೆತಿದ್ದೆ. ಹೊಸ ಸೊಸೆ ಎಂದು ಎಲ್ಲರೂ ಸುಮ್ಮನೆ ಉಣ್ಣುತ್ತಿದ್ದರು, ನನ್ನ ಕಣ್ಣು ತುಂಬಿ ಬಂದಿತ್ತು. ಆಗ ಭಾಗೀರಥಕ್ಕ ದೋಣಿಯ ಮಾತು ಹೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕುಬಿಟ್ಟೆ. ಆ ನಗುವಿನಿಂದಲೇ ಅವತ್ತು ನಾನು ಅಳದೆ ಪಾರಾದದ್ದು.

ಮರುದಿನದಿಂದ ಅಡುಗೆ ಕೆಡಿಸತೊಡಗಿದೆ. ಸಾರಿಗೆ ಉಪ್ಪು ಸುರಿದೆ. ಪಲ್ಯ ಸೀಯಿಸಿದೆ. ಚಪಾತಿಯನ್ನು ಬೇಕೆಂದೇ ಸೊಟ್ಟಗೆ ಲಟ್ಟಿಸಿ ದ್ವೀಪಗಳನ್ನೂ ಕೊಲ್ಲಿಗಳನ್ನೂ ಮಾಡಿದೆ. ಭಾಗೀರಥಕ್ಕ ಮೊದಲ ತುತ್ತಿಟ್ಟು, ಬಾಯಿ ಅರೆ ತೆರೆದು, ಹುಡುಕಿ, ಮುಚ್ಚಿಕೊಂಡು, "ಚೆನ್ನಾಗಿದೆ" ಎನ್ನುತ್ತಿದ್ದಳು. ಆ ಹುಡುಕುವ ಕಣ್ಣನ್ನು ನೋಡಲು ಆಗುತ್ತಿರಲಿಲ್ಲ. ತನ್ನದೇನೋ ಕಳೆದಿದೆ ಎಂದು ಅವಳಿಗೆ ಗೊತ್ತಿತ್ತು, ಕದ್ದವಳು ಎದುರಿಗೆ ಕೂತು ಬಡಿಸುತ್ತಿದ್ದಾಳೆ ಎಂದು ಗೊತ್ತಿರಲಿಲ್ಲ. ನಮ್ಮ ಮನೆಯವರು ಎಂಟು ದಿನ ಮಜ್ಜಿಗೆಯ ಮೇಲೆ ಬದುಕಿದರು. ಎಂಟನೆಯ ದಿನ ಮಾತ್ರ, "ನಿನಗೆ ಮೈ ಹುಷಾರಿಲ್ವಾ?" ಎಂದು ಕೇಳಿದರು. ಅವರ ಪಟ್ಟಿಯಲ್ಲಿಲ್ಲದ ಮಾತು ಅದು. ನಾನು ಎಲ್ಲ ಹೇಳಿಬಿಟ್ಟೆ. ಅವರು ಮಜ್ಜಿಗೆಯ ಲೋಟ ಕೆಳಗಿಟ್ಟು, "ಹೋಗಿ ಅಕ್ಕನಿಗೇ ಹೇಳು" ಎಂದರು.

ಒಂಬತ್ತನೆಯ ದಿನ ಹೇಳಬೇಕೆಂದು ನಿಶ್ಚಯಿಸಿದೆ. ಊಟ ಆದ ಮೇಲೆ ಹೇಳುವುದೋ, ಮೊದಲೇ ಹೇಳುವುದೋ? ಯಾವ ಮಾತಿನಿಂದ ಶುರು ಮಾಡುವುದು? ಕದ್ದೆ ಅನ್ನಲೋ, ಬಿಟ್ಟೆ ಅನ್ನಲೋ? ಬೆಳಗಿನಿಂದ ಇದೇ ಯೋಚನೆ. ಅವತ್ತು ಅಡುಗೆ ಕೆಡಿಸುವ ನೆನಪೂ ಇರಲಿಲ್ಲ. ನೆಟ್ಟಗೆ ಮಾಡಿದ್ದೇನೆ ಎಂದುಕೊಂಡೇ ಬಡಿಸಿದೆ.

ಭಾಗೀರಥಕ್ಕ ತಟ್ಟೆಯನ್ನು ನೋಡಿದಳು. ಕೈ ಹಾಕಲಿಲ್ಲ. ಸೌಟು ತೆಗೆದುಕೊಂಡು ಸಾರಿನ ಪಾತ್ರೆಯ ತಳದವರೆಗೆ ಇಳಿಸಿ ಒಂದು ಸುತ್ತು ಕದಡಿದಳು. ಇನ್ನೊಂದು ಸುತ್ತು. ಪಾತ್ರೆಯನ್ನು ಓರೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಆಗ ನನಗೆ ಹೊಳೆಯಿತು. ತೊಳೆದಿಟ್ಟ ಬೇಳೆ ಒಲೆಯ ಪಕ್ಕದಲ್ಲಿ ತೊಳೆದಿಟ್ಟ ಹಾಗೇ ಇದೆ.

"ಅಕ್ಕಾ, ನಿಮಗೊಂದು ಮಾತು..." ಎಂದು ಶುರು ಮಾಡಿದೆ. ಮುಂದೆ ಬರಲಿಲ್ಲ. ಕಣ್ಣು ತುಂಬಿತು, ಆ ನಾಲ್ಕನೆಯ ದಿನದ ಹಾಗೇ.

ಅವಳು ನನ್ನ ಮುಖ ನೋಡಿದಳು. ಸಾರು ನೋಡಿದಳು. ಬಾಯಿ ಅರೆ ತೆರೆಯಿತು. ಕಣ್ಣು ಈ ಸಲ ಅತ್ತಿತ್ತ ಆಡಲಿಲ್ಲ.

"ವತ್ಸಲಾ," ಎಂದಳು, "ಈ ಬೇಳೆ ಊರು ಬಿಟ್ಟು ಹೋಗುವಾಗ ವಿಳಾಸನಾದ್ರೂ ಕೊಟ್ಟು ಹೋಯ್ತೇನೇ?"

ನಮ್ಮ ಮನೆಯವರಿಗೆ ಮಜ್ಜಿಗೆ ನೆತ್ತಿಗೇರಿತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಸೆರಗು ಬಾಯಿಗೆ ಒತ್ತಿಕೊಂಡು ಇದ್ದದ್ದನ್ನೆಲ್ಲ ಹೇಳಿದೆ. ಇಪ್ಪತ್ತಾರು ಸಾಲಿಗೆ ನಿಲ್ಲಿಸಿದ್ದು, ದಸ್ತಗೀರಣ್ಣ ಕೇಳಿದ್ದು, ಎಲ್ಲ. ಭಾಗೀರಥಕ್ಕ ಅನ್ನ ಕಲಸುತ್ತ ಕೇಳಿಸಿಕೊಂಡಳು.

"ಅದಕ್ಕೇನಾ ನಾನು ಎಂಟು ದಿನದಿಂದ ಆ ಉಪ್ಪಿನ ಗುಡ್ಡ ತಿಂದು ಚೆನ್ನಾಗಿದೆ ಅಂದಿದ್ದು? ಬಿ.ಎ. ಓದಿದೋಳು ನೀನು! ಒಂದು ಸಾಲು ಬರೆಸೋಕೆ ಕೈಲಾಗಲಿಲ್ಲ." ತಟ್ಟೆ ಮುಂದೆ ಒಡ್ಡಿದಳು. "ಹಾಕು ಇನ್ನೊಂದು ಸೌಟು."

"ಇದು ಚೆನ್ನಾಗಿಲ್ವಲ್ಲ ಅಕ್ಕಾ."

"ಚೆನ್ನಾಗಿಲ್ಲ ಅಂತ ನಾನು ಹೇಳಬೇಕು. ನೀನು ಬಡಿಸು."

ಬಡಿಸಿದೆ. ಕೈ ಅಳುಕಿತು, ಸಾರು ತಟ್ಟೆಯಾಚೆ ಚೆಲ್ಲಿತು. ಅದಕ್ಕೂ ಒಂದು ಮಾತು ಬಂತು. ಅಷ್ಟರಲ್ಲಿ, ಬೇಳೆಯನ್ನೇ ಮರೆತವಳು ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎದ್ದೆ.

"ಕೂತ್ಕೋ. ಆರಿಸಿದೆ" ಎಂದಳು ಭಾಗೀರಥಕ್ಕ, ತಟ್ಟೆಯಿಂದ ತಲೆಯೆತ್ತದೆ. "ಮೂರು ಸಲ ನೋಡಿ ಬಂದಿದೀನಿ."

ಆದರೂ ಹೋದೆ. ಹಿಂದಿನಿಂದ ಅವಳು ಬೈಯುವುದು ಕೇಳಿಸಿತು. ಗ್ಯಾಸ್ ಆರಿಸಿಯೇ ಇತ್ತು. ಬೈಗುಳ ಮುಗಿಯುವವರೆಗೆ ಅಡುಗೆಮನೆಯಲ್ಲೇ, ಒಲೆಗೆ ಒರಗಿ, ಒಂದೂ ಬಿಡದೆ ಕೇಳಿಸಿಕೊಂಡು ನಿಂತೆ.